ಭಾವನಿಗೆ ಹೇಳಬೇಕಾದ ಮೀನು

ಹಲ್ಲಿನ ಕ್ಲಿನಿಕ್ಕಿನ ಹಿಂದೆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ತಯಾರಿಸುವವನಿಗೆ ಜನ ಇಟ್ಟ ಹೆಸರು ಹಲ್ಲಣ್ಣ. ಊರಿನ ಅರ್ಧ ಮುದುಕರು ನಗುತ್ತಿದ್ದುದು ಅವನ ಕೈಕೆಲಸದಿಂದಲೇ. ಆದರೆ ಅವರಲ್ಲಿ ಒಬ್ಬರೂ ಅವನ ಮುಖ ನೋಡಿ ನಕ್ಕವರಲ್ಲ. ಬಾಯಿಯ ಅಚ್ಚು ಒಳಗೆ ಬರುತ್ತಿತ್ತು, ಹಲ್ಲು ಹೊರಗೆ ಹೋಗುತ್ತಿತ್ತು. ಮದುವೆಯ ಮಾತು ಒಂದೆರಡು ಸಲ ಬಂದು ತಾನಾಗಿಯೇ ತಣ್ಣಗಾಗಿತ್ತು.

ತನ್ನದು ಅಂತ ಅವನಿಗೆ ಇದ್ದದ್ದು ಭಾನುವಾರ, ಮತ್ತು ಅಕ್ಕನ ಗಂಡ. ಭಾವ ಬಸ್ ಡ್ರೈವರ್. ವಾರವೆಲ್ಲ ಹಾರ್ನು ಹೊಡೆಯುವ ಮನುಷ್ಯ ಜಲಾಶಯದ ನೀರಿನ ಮೇಲೆ ಪಿಟ್ಟೆನ್ನುತ್ತಿರಲಿಲ್ಲ. ಚಿಕ್ಕದೊಂದು ದೋಣಿ, ಇಬ್ಬರಿಗೂ ಒಂದೊಂದು ಗಾಳದ ಕೋಲು, ನಡುವೆ ಮೀನಿನ ಕಣ್ಣಿಗೆ ಮಣ್ಣೆರಚುವ ಹುಸಿ ಎರೆಗಳ ಡಬ್ಬಿ. ಬಾಸ್ ಮೀನಿಗೆ ಆಸೆ ಹುಟ್ಟಿಸಬೇಕು, ಇಲ್ಲವೇ ಸಿಟ್ಟು ಬರಿಸಬೇಕು ಎಂದು ಕಲಿಸಿದವನು ಭಾವನೇ. ಬೆಳಗಿನ ನೀರು ಅಲುಗದಿದ್ದರೆ ಮೇಲೆಯೇ ಗುಳುಕ್ ಗುಳುಕ್ ಎಂದು ಬರುವ ಮರದ ಕಪ್ಪೆ. ನೀರು ಕದಡಿದ್ದರೆ ಗಿರಗಿರ ತಿರುಗುವ ತಗಡಿನ ರೆಕ್ಕೆ. ಮೀನಿಗೆ ಕಾಣದಿದ್ದರೂ ಅದರ ಕಂಪನ ತಾಗುತ್ತದೆ. ಚಳಿಗೆ ನೀರು ಕೊರೆಯುತ್ತಿದ್ದರೆ ತಳದಲ್ಲಿ ತೆವಳಿಸುವ ರಬ್ಬರಿನ ಹುಳ. ಇಷ್ಟೆಲ್ಲ ಕಲಿತರೂ ಹಲ್ಲಣ್ಣನ ಕೈ ಮಾತ್ರ ಅವಸರದ್ದು.

"ಎಳೀಬೇಡ ಕಣಯ್ಯ, ಬಿಡು. ಅದು ಸ್ವಲ್ಪ ಯೋಚ್ನೆ ಮಾಡ್ಲಿ." ದೋಣಿಯಲ್ಲಿ ಭಾವ ಆಡುತ್ತಿದ್ದುದು ಇದೊಂದೇ ಮಾತು.

ಆಮೇಲೆ ಭಾವನಿಗೆ ಮರೆವು ಹತ್ತಿತು. ಒಂದು ದಿನ ಪ್ರಯಾಣಿಕರನ್ನೆಲ್ಲ ಕೂರಿಸಿಕೊಂಡು ಬಸ್ಸನ್ನು ನೇರ ಜಲಾಶಯದ ದಂಡೆಗೆ ತಂದು ನಿಲ್ಲಿಸಿದ. ಜನ ಮೊದಲು ನಕ್ಕರು, ಆಮೇಲೆ ಬಾಯಿಗೆ ಬಂದಂತೆ ಬೈದರು. ಕೆಲಸ ಹೋಯಿತು. ಮುಂದೆ ನಡುನೀರಿನಲ್ಲಿ ದೋಣಿಯಿಂದ ಇಳಿದು ಮನೆಗೆ ಹೊರಟ ಭಾವನನ್ನು ಹಲ್ಲಣ್ಣ ಎಳೆದು ತಂದ ದಿನ ಅಕ್ಕ ಕಡ್ಡಿ ತುಂಡುಮಾಡಿದಂತೆ ಹೇಳಿದಳು: "ಇನ್ನು ಇವರನ್ನ ನೀರಿಗೆ ಕರ್ಕೊಂಡು ಹೋದ್ರೆ ಈ ಮನೆ ಮೆಟ್ಟಿಲು ಹತ್ತಬೇಡ."

ಹಲ್ಲಣ್ಣ ಒಬ್ಬನೇ ಹೋಗತೊಡಗಿದ. ಭಾವನ ಭಾರವಿಲ್ಲದೆ ದೋಣಿ ಹಿಂದಕ್ಕೆ ವಾಲುತ್ತಿತ್ತು. ಎದುರಿನ ಹಲಗೆಯ ಮೇಲೆ ಒಂದು ದಪ್ಪ ಕಲ್ಲು ಇಟ್ಟುಕೊಂಡ.

ಒಂದು ಭಾನುವಾರ ಚಳಿಯೂ ಇತ್ತು, ಮಳೆಗೆ ನೀರೂ ಕದಡಿತ್ತು. ರೆಕ್ಕೆಯೋ ಹುಳವೋ ಎಂದು ಡಬ್ಬಿಯ ಮುಂದೆ ತಲೆ ಕೆರೆದುಕೊಂಡ. ಒಂದನ್ನು ಕಟ್ಟಿದ, ಬಿಚ್ಚಿದ, ಇನ್ನೊಂದು ಕಟ್ಟಿದ. ಒಂದು ಮೀನೂ ಮೂಸಿ ನೋಡಲಿಲ್ಲ. ಸಂಜೆ ಬರಿಗೈಯಲ್ಲಿ ಅಕ್ಕನ ಮನೆಗೆ ಹೋದ.

ಕಿಟಕಿಯ ಪಕ್ಕ ಕೂತಿದ್ದ ಭಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಯಾರು ಬೇಕಾಗಿತ್ತು?"

ಹಲ್ಲಣ್ಣ ಹೊಸ್ತಿಲಲ್ಲೇ ನಿಂತ. "ಮೀನು ಹಿಡಿಯೋನು ಸಾರ್. ಇವತ್ತು ಒಂದೂ ಬೀಳಲಿಲ್ಲ," ಎಂದ.

ಭಾವನ ಕಣ್ಣರಳಿತು. "ಬನ್ನಿ ಬನ್ನಿ, ಕೂತ್ಕೊಳ್ಳಿ. ಏನು ಕಟ್ಟಿದ್ರಿ?"

"ನೀರು ಕದಡಿತ್ತು, ರೆಕ್ಕೆ ಕಟ್ಟಿದೆ. ಆಮೇಲೆ ಹಸಿರು ಹುಳ."

"ಆ ಕೆಸರಲ್ಲಿ ಹಸಿರು ಯಾರಿಗ್ರೀ ಕಾಣುತ್ತೆ? ದಪ್ಪಂದು, ಕಪ್ಪಂದು ಕಟ್ಟಿ. ಮುಳುಗಿದ ಮರದ ಬುಡಕ್ಕೆ ಬಿಡಿ. ಒಂದ್ಸಲ ಅಲ್ಲಾಡ್ಸಿ ಸುಮ್ನಿದ್ಬಿಡಿ." ಭಾವ ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡ. "ನನ್ನ ಭಾವಮೈದ ಒಬ್ಬ ಇದ್ದ. ಕೈ ಬಹಳ ಅವಸರ. ಒಳ್ಳೇ ಹುಡುಗ. ಈಗೀಗ ಈ ಕಡೆ ತಲೇನೇ ಹಾಕಲ್ಲ. ಏನು ಸಿಟ್ಟೋ ಏನೋ."

'ಅದು ನಾನೇ, ಭಾವ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಭಾವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು. ಹಲ್ಲಣ್ಣ ಮಾತು ನುಂಗಿಕೊಂಡ. "ಸಿಟ್ಟೇನಿರಲ್ಲ ಸಾರ್. ಬರ್ತಾನೆ."

ಮರುವಾರ ಕಪ್ಪು ಹುಳವನ್ನು ಮುಳುಗಿದ ಮರದ ಬುಡಕ್ಕೆ ಬಿಟ್ಟ. ಒಮ್ಮೆ ಅಲ್ಲಾಡಿಸಿ, ಎಳೆಯಲು ಹವಣಿಸುತ್ತಿದ್ದ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತ. ಬಹಳ ಹೊತ್ತಿಗೆ ದಾರ ಸದ್ದಿಲ್ಲದೆ ಪಕ್ಕಕ್ಕೆ ಸರಿಯಿತು. ಅಷ್ಟು ದೊಡ್ಡ ಬಾಸ್ ಅವನ ಜನ್ಮದಲ್ಲಿ ಬಿದ್ದಿರಲಿಲ್ಲ. ಹೆಬ್ಬೆರಳಿನಿಂದ ಅದರ ಕೆಳದವಡೆ ಹಿಡಿದು, "ನೋಡು ಭಾವ!" ಎಂದು ಎತ್ತಿದ. ಎದುರಿಗೆ ಕಲ್ಲಿತ್ತು. ನಿಧಾನವಾಗಿ ಮೀನನ್ನು ನೀರಿಗೆ ಬಿಟ್ಟ.

ಸಂಜೆ ಮತ್ತೆ "ಯಾರು ಬೇಕಾಗಿತ್ತು?" ಮೀನಿನ ಕತೆ ಕೇಳಿ ಭಾವ ತೊಡೆ ತಟ್ಟಿಕೊಂಡು ನಕ್ಕ. ಅಂದಿನಿಂದ ಪ್ರತಿ ಭಾನುವಾರ ಇಬ್ಬರಿಗೂ ಹೊಸ ಪರಿಚಯ. ಭಾವ ಮೊದಲಿನಿಂದ ಪಾಠ ಹೇಳುತ್ತಿದ್ದ, ಬಾರದ ಭಾವಮೈದನನ್ನು ಕೇಳುತ್ತಿದ್ದ.

ಬೇಸಿಗೆಯ ಹೊತ್ತಿಗೆ ಅದೂ ನಿಂತಿತು. ಭಾವ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ. ಯಾರು ಬಂದರೂ ಯಾರೆಂದು ಕೇಳುತ್ತಿರಲಿಲ್ಲ. ಒಂದು ಸಂಜೆ ಹಲ್ಲಣ್ಣ ಮಂಚದ ಬದಿಯಲ್ಲಿ ಕೂತಿದ್ದಾಗ, ಮೀನೆಂದರೆ ಮೂಗು ಮುರಿಯುತ್ತಿದ್ದ ಅಕ್ಕ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಇವತ್ತು ಏನಾದ್ರೂ ಬಿತ್ತೇನೋ? ಯಾವುದು ಕಟ್ಟಿದ್ದೆ?"

ಬೆಳಿಗ್ಗೆ ಮರದ ಕಪ್ಪೆಗೆ ಒಳ್ಳೆಯ ಮೀನೇ ಬಿದ್ದಿತ್ತು. ಹೇಳಹೋದವನು ಗೋಡೆಗೆ ತಿರುಗಿದ್ದ ಭಾವನ ಬೆನ್ನು ನೋಡಿದ. ಇಲ್ಲವೆಂದು ತಲೆಯಾಡಿಸಿದ. ಅಕ್ಕ ಮಂಚದ ಇನ್ನೊಂದು ಬದಿಗೆ ಹೋಗಿ ಕೂತಳು.