ಎಡಗಿಸೆಯ ಅಸಲಿ, ಬಲಗಿಸೆಯ ನಕಲಿ

ಪಾರ್ಸಲ್ ಹಂಚುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ಪೆನ್ನನ್ನು ಒಡೆದ ಮಾಲೆಂದು ವಾಪಸ್ ಕಳಿಸಿದ್ದೆ. ಪೆನ್ನು ಒಡೆದಿರಲಿಲ್ಲ. ಒಡೆದದ್ದು ನನ್ನ ತಲೆ.

ಅದು ಹುಮನಾಬಾದಿನ ಹಳೇ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಹಾರುದ್ರಪ್ಪ ಸಾವಕಾರರ ಹೆಸರಿಗೆ ಬಂದಿತ್ತು. ದುಬಾರಿ ಮಾಲಿಗೆ ನಮ್ಮಲ್ಲೊಂದು ನಿಯಮ ಇದೆ: ಗಿರಾಕಿಯ ಎದುರೇ ಡಬ್ಬಿ ಬಿಚ್ಚಿ, ಒಳಗಿನದು ಸರಿಯಿದೆಯೇ ನೋಡಿ, ಫೋಟೋ ಹೊಡೆದು, ಆಮೇಲೆ ಕೈಗೆ ಕೊಡಬೇಕು. ನಾನು ಬಿಚ್ಚಿದೆ. ಟೋಪಿ ತಿರುವಿ ತೆಗೆದೆ. ಬಂಗಾರದ ನಿಬ್ಬಿಗೆ ತುದಿಯಿಂದ ನಡುವಿನವರೆಗೆ ನೇರ ಸೀಳು, ಸೀಳಿನ ಕೊನೆಯಲ್ಲೊಂದು ತೂತು. ಬಾಲ್‌ಪೆನ್ನಿನಲ್ಲೇ ಡಿಗ್ರಿ ಮುಗಿಸಿದವನು ನಾನು. ಇಂಕ್ ಪೆನ್ನನ್ನು ಫೋಟೋದಲ್ಲಿ ಮಾತ್ರ ಕಂಡಿದ್ದೆ.

"ಸಾವ್ಕಾರ್ರ, ಇದು ಒಡದದರಿ. ನಡುವ ಸೀಳ್ಯಾದ, ತೂತೂ ಬಿದ್ದದ. ಬಿಲ್ಕುಲ್ ತಗೋಬ್ಯಾಡ್ರಿ," ಎಂದವನೇ, ಅವರ ದುಡ್ಡು ಉಳಿಸಿದ ಪುಣ್ಯಾತ್ಮನಂತೆ ಮೊಬೈಲಿನಲ್ಲಿ 'ಹಾಳಾದ ಮಾಲು' ಎಂಬುದನ್ನು ಒತ್ತಿಬಿಟ್ಟೆ. ಒಮ್ಮೆ ಒತ್ತಿದರೆ ಮುಗಿಯಿತು, ಹಿಂದಕ್ಕೆ ತಿರುಗಿಸಲು ಬರುವುದಿಲ್ಲ.

ಸಾವಕಾರರು ಗಾದಿಯಿಂದ ಅರ್ಧ ಎದ್ದರು. "ಏ ಹುಚ್ಚಪ್ಯಾಲಿ! ನಿಬ್ಬ ಸೀಳಿಲ್ಲಂದ್ರ ಶಾಯಿ ಎಲ್ಲಿಂದ ಬರ್ತದೋ, ನಿನ್ನ ಮೂಗಿನ್ಯಾಗಿಂದ?"

ಆ ಪೆನ್ನು ಹೋಗಿ ಇನ್ನೊಂದು ಬರುವವರೆಗೆ ಅವರು ಬಂದ ಗಿರಾಕಿಗಳಿಗೆಲ್ಲ ಬಟ್ಟೆ ಹರಿದು ಕೊಡುವಾಗ ನನ್ನ ಕತೆಯನ್ನೂ ಒಂದು ಮಳ ಹೆಚ್ಚಿಗೆ ಹರಿದು ಕೊಟ್ಟರು. ಅವ್ವ ಅಪ್ಪ ಇಟ್ಟ ಹೆಸರು ಹೋಗಿ, ಆ ಬಜಾರಿನಲ್ಲಿ ನನ್ನ ಹೆಸರು 'ಪಾರ್ಸಲ್' ಎಂದಾಯಿತು.

ಮಹಾರುದ್ರಪ್ಪ ಸಾವಕಾರರನ್ನು ನೋಡುವವರು ಮೊದಲು ಅವರ ಎದೆ ನೋಡಬೇಕು. ಹಣೆಯ ಮೇಲಿನ ವಿಭೂತಿ ಆಮೇಲೆ. ಬಿಳಿ ಅಂಗಿಗೆ ಎರಡೂ ಕಡೆ ಕಿಸೆ ಹೊಲಿಸಿಕೊಂಡ ಮನುಷ್ಯ ಅವರು. ಜಗತ್ತಿನ ಮೇಲೆ ಅವರಿಗೆ ಸಾಮಾನ್ಯವಾಗಿ ತಿರಸ್ಕಾರ. ಗಿರಾಕಿ ಅಗ್ಗದ ಸೀರೆ ಕೇಳಿದರೆ "ನೆಲ ಒರಸೋ ಅರಬಿ ಆ ಮೂಲ್ಯಾಗದ, ನೋಡವ್ವ" ಎನ್ನುತ್ತಿದ್ದರು. ದುಬಾರಿಯದು ಕೇಳಿದರೆ "ಖರೇನೇ ತಗೋತಿಯೋ, ಸುಮ್ಮ ಮುಟ್ಟಿ ನೋಡ್ತಿಯೋ?" ಎನ್ನುತ್ತಿದ್ದರು. ಹೀಗಿದ್ದೂ ಅಂಗಡಿ ನಡೆಯುತ್ತಿತ್ತು. ಬೈಸಿಕೊಂಡು ಕೊಂಡ ಸೀರೆ ಬಾಳಿಕೆ ಬರುತ್ತದೆಂಬ ನಂಬಿಕೆ ನಮ್ಮ ಜನಕ್ಕೆ ಹೇಗೋ ಅಂಟಿಕೊಂಡಿದೆ.

ದುಬಾರಿ ಪೆನ್ನು ಎಡಗಿಸೆಗೆ ಬಂದು ಕೂತ ಮೇಲೆ ಅವರಿಗೆ ಹೊಸ ತಾಪತ್ರಯ ಶುರುವಾಯಿತು. ಕಂಡಕಂಡವರು ಅದನ್ನು ಕೈಗೆ ಕೇಳುತ್ತಿದ್ದರು. ನಿಬ್ಬು ಒಬ್ಬರ ಕೈಗೆ ಪಳಗಿದ ಮೇಲೆ ಇನ್ನೊಬ್ಬರ ಕೈ ತಾಗಬಾರದೆಂಬುದು ಇಂಕ್ ಪೆನ್ನಿನವರ ಶಾಸ್ತ್ರ. ಅದಕ್ಕೆ ಸಾವಕಾರರು ಮಂದಿಯ ಕೈಗೆ ಕೊಡಲೆಂದೇ ಅದರಂತೆ ಕಾಣುವ ಅಗ್ಗದ ಪೆನ್ನೊಂದನ್ನು ತರಿಸಿ ಬಲಗಿಸೆಗೆ ಸಿಕ್ಕಿಸಿದರು. ಅದನ್ನೂ ನಾನೇ ತಂದುಕೊಟ್ಟೆ. ಈ ಸಲ ನಿಬ್ಬಿನ ಬಗ್ಗೆ ತುಟಿ ಬಿಚ್ಚಲಿಲ್ಲ.

ಅಸಲಿಯದು ಬಂದದ್ದು ಶಾಲಿನ ಡಬ್ಬಿಯಷ್ಟು ದೊಡ್ಡ ಡಬ್ಬಿಯಲ್ಲಿ, ಮೆತ್ತನೆಯ ಹಾಸಿನ ಮೇಲೆ, ಅದರ ಕುಲಗೋತ್ರ ಹೇಳುವ ಪುಸ್ತಕದ ಜೊತೆಗೆ. ನಕಲಿಯದು ಅಗರಬತ್ತಿಯಂತೆ ಪ್ಲಾಸ್ಟಿಕ್ ಚೀಲದಲ್ಲಿ ಬಂತು. ಆದರೆ ಡಬ್ಬಿ, ಚೀಲ ಎರಡನ್ನೂ ಬದಿಗಿಟ್ಟು ಗಲ್ಲಾದ ಮೇಲೆ ಜೋಡಿಯಾಗಿ ಮಲಗಿಸಿದರೆ ಹೆತ್ತ ಕಾರ್ಖಾನೆಗಳೂ ಗುರುತು ಹಿಡಿಯಲಾರವು. ಅದೇ ಕರಿ ಮೈ, ಅದೇ ಹಳದಿ ಉಂಗುರ, ಅದೇ ಕೊಕ್ಕೆ.

"ಕೈಯಾಗ ಹಿಡದು ನೋಡೋ ಪಾರ್ಸಲ್. ಫರಕ್ ತಿಳೀತದ," ಎಂದು ಆ ದಿನ ಸಾವಕಾರರು ಔದಾರ್ಯ ತೋರಿದರು.

ಹಿಡಿದು ನೋಡಿದೆ. ಅಸಲಿಯದು ಭಾರ. ಭಾರಕ್ಕೇ ದುಡ್ಡು ಸುರಿಯುವುದಾದರೆ ಅಡತಿ ಅಂಗಡಿಗೆ ಹೋಗಿ ತೊಗರಿ ಮೂಟೆ ತರಬಹುದಿತ್ತಲ್ಲ ಎಂದುಕೊಂಡೆ. ಅಸಲಿಯ ಟೋಪಿ ಸದ್ದಿಲ್ಲದೆ ತಿರುಗುತ್ತದೆ, ನಕಲಿಯದು ಚೂರು ಗರಗರ ಎನ್ನುತ್ತದೆ. ಅಸಲಿಯ ನಿಬ್ಬು ಬಂಗಾರ, ನಕಲಿಯದಕ್ಕೆ ಬಂಗಾರದ ಬಣ್ಣ. ಇಷ್ಟೇ ಫರಕು. ನನ್ನ ತಿಂಗಳ ಪಗಾರವನ್ನೆಲ್ಲ ಹಾಕಿದರೆ ಅಸಲಿಯ ಟೋಪಿ ಮಾತ್ರ ಬರುತ್ತಿತ್ತು. ನಕಲಿಯನ್ನು ಒಂದು ವಾರ ಸಂಜೆಯ ಭಜಿ ಬಿಟ್ಟಿದ್ದರೆ ನಾನೂ ಕೊಳ್ಳಬಹುದಿತ್ತು.

ಇನ್ನು ಬರವಣಿಗೆ. ಅದರ ಮಾತೇ ಬೇಡ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಸಾವಕಾರರು ಅಸಲಿಗೆ ಶಾಯಿ ತುಂಬಿ, ಕುಂಕುಮ ಹಚ್ಚಿ, ಹೊಸ ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ 'ಶ್ರೀ' ಎಂದು ಬರೆದು ಟೋಪಿ ಹಾಕುತ್ತಿದ್ದರು. ಮುಗಿಯಿತು. ಮುಂದಿನ ದೀಪಾವಳಿಯವರೆಗೆ ಅದು ಎದೆಯ ಮೇಲೆ ಮಲಗಿ, ಒಳಗಿನ ಶಾಯಿ ಒಣಗಿ ಹೆಪ್ಪುಗಟ್ಟುತ್ತಿತ್ತು. ಬಿಲ್ಲು ಬರೆಯುವುದು, ಸಹಿ, ಚೀಟಿ, ಜಗಳದಲ್ಲಿ ಗಿರಾಕಿಯ ಕಡೆ ತೋರಿಸುವುದು, ಎಲ್ಲ ದುಡಿತವೂ ನಕಲಿಯದೇ. ಹಾಲು ಕೊಡದ ಎಮ್ಮೆಗೆ ಬೆಳ್ಳಿ ಗೆಜ್ಜೆ, ಹಾಲು ಕೊಡುವುದಕ್ಕೆ ಬರೀ ಹಗ್ಗ.

ಇದೆಲ್ಲ ಅವರ ದುಡ್ಡು, ಅವರ ಎದೆ, ನನಗೇನು ಎಂದು ಸುಮ್ಮನಿರಬಹುದಿತ್ತು. ಆದರೆ ಸಾವಕಾರರು ಸಂಬಂಧ ಕುದುರಿಸುವ ಹಿರಿಯರೂ ಆಗಿದ್ದರು. ಹುಮನಾಬಾದ್, ಬಸವಕಲ್ಯಾಣ ಎರಡೂ ತಾಲ್ಲೂಕಿನಲ್ಲಿ ಅವರ ಕಡೆಯ ಗಂಡು ಕನ್ಯಾ ನೋಡಲು ಹೊರಟರೆ ಮುಂದಿನ ಸೀಟಿನಲ್ಲಿ ಅವರೇ ಕೂಡುತ್ತಿದ್ದರು. ನಮ್ಮ ಕಡೆ ಕನ್ಯಾ ನೋಡುವಾಗ ಹುಡುಗಿಯ ಕೈಲಿ ಹೆಸರು ಬರೆಸುವ ಪದ್ಧತಿ ಇನ್ನೂ ಸತ್ತಿಲ್ಲ. ಎಂ.ಎ. ಆದವಳನ್ನೂ ಬಿಡುವುದಿಲ್ಲ. ಅವಳು ನಾಲ್ಕಕ್ಷರ ಬರೆಯುತ್ತಾಳೆ, ಜೀವಮಾನದಲ್ಲಿ ನಾಲ್ಕು ಸಾಲು ಓದದ ಹಿರಿಯರು ಆ ಕಾಗದ ಹಿಡಿದು ಅವಳ ಗುಣಾವಗುಣ ಹೇಳುತ್ತಾರೆ.

ಅಲ್ಲಿ ಪೆನ್ನು ಕೊಡುವವರು ಸಾವಕಾರರು. ಬಲಗಿಸೆಯದು ಕೊಟ್ಟರೆ ಮಾಮೂಲು. ಎಡಗಿಸೆಯದು ಕೊಟ್ಟರೆ ದೊಡ್ಡ ಮರ್ಯಾದೆ. ಎಡಗಿಸೆಯ ಪೆನ್ನು ಮಗಳ ಕೈಗೆ ಬಂದಿತೆಂದು ತಾಯಂದಿರು ಓಣಿ ತುಂಬ ಹೇಳಿಕೊಂಡು ಬರುತ್ತಿದ್ದರು.

ನಮ್ಮ ಓಣಿಯ ಕಾಜಲಳಿಗೂ ಆ ಮರ್ಯಾದೆ ಸಿಕ್ಕಿತ್ತು. ಅವಳು ನನ್ನ ತಂಗಿ ಅಮೃತಳ ಗೆಳತಿ. ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದಳು: "ಎಡಗಿಸೀದೇ ಕೊಟ್ರು ನೋಡು. ನಮ್ಮವ್ವ ಖುಷಿಲಿ ಅತ್ತೇಬಿಟ್ಳು. ನಾ ಒಂದಕ್ಷರ ಬರದೆ, ಮುಂದ ಶಾಯಿನೇ ಇಲ್ಲ. ಜೋರ್ ಒತ್ತಿದೆ, ಕಾಗದ ಹರದೋಯ್ತು. ಹುಡುಗಿ ಕೈ ನಡಗ್ತದ, ಬ್ಯಾಡ ಅಂತ ಹೇಳಿ ಕಳಸ್ಯಾರ."

ಮರುದಿನ ಹುಮನಾಬಾದಿನ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತಿದ್ದಾಗ ನನ್ನ ಮಂದ ಬುದ್ಧಿಗೆ ಬೆಳಕು ಬಿತ್ತು. ಮಂಠಾಳದ ಹುಡುಗಿಗೆ ಎಡಗಿಸೆಯದು ಸಿಕ್ಕಿತ್ತು, ಸಂಬಂಧ ಮುರಿಯಿತು. ಮುಡಬಿಯ ಹುಡುಗಿಗೆ ಬಲಗಿಸೆಯದು, ಅವಳ ಮನೆಯಲ್ಲಿ ಈಗ ತೊಟ್ಟಿಲು ತೂಗುತ್ತಿದೆ. ಸಾವಕಾರರಿಗೆ ಅಸಲಿ ಬರೆಯುವುದಿಲ್ಲವೆಂದು ಚೆನ್ನಾಗಿ ಗೊತ್ತು. ತಮಗೆ ಬೇಡದ ಹುಡುಗಿಗೆ ಅದನ್ನೇ ಕೊಡುತ್ತಾರೆ. ಬೇಡ ಎಂಬ ಮಾತು ಅವರ ಬಾಯಿಂದ ಬರುವುದಿಲ್ಲ, ಪೆನ್ನೇ ಹೇಳುತ್ತದೆ. ಹುಡುಗಿಯ ಮನೆಯವರು ಮಾತ್ರ ಎಂಥ ಮರ್ಯಾದೆ ಕೊಟ್ಟರೆಂದು ಕೈ ಮುಗಿದು ಕಳಿಸುತ್ತಾರೆ.

ಅಷ್ಟರಲ್ಲಿ ನಮ್ಮ ಮನೆಗೇ ಆ ಎರಡು ಕಿಸೆಗಳು ಬರುವ ಹೊತ್ತಾಯಿತು.

ಅಮೃತ ಬಿ.ಎಡ್. ಮುಗಿಸಿ ಬಸವಕಲ್ಯಾಣದ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಹುಮನಾಬಾದಿನ ಶಂಕರಲಿಂಗ ಹಳ್ಳಿಖೇಡದ ಕಡೆ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾನೆ. ಯಾರದೋ ಮದುವೆಯಲ್ಲಿ ಪರಿಚಯವಾಗಿ, ಫೋನಿನಲ್ಲಿ ಮಾತು ಬೆಳೆದು, ಇಬ್ಬರೂ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡುಬಿಟ್ಟಿದ್ದರು. "ಇವರ ಬಿಟ್ರ ನನಗ ಯಾರೂ ಬ್ಯಾಡಣ್ಣ," ಎಂದು ನನಗೊಬ್ಬನಿಗೇ ಹೇಳಿದ್ದಳು. ಹುಡುಗನಿಗೆ ತಂದೆ ಇಲ್ಲ. ತಾಯಿ ವಿದ್ಯಾವತಿ ತನ್ನ ಅಣ್ಣ ಹ್ಞೂಂ ಎನ್ನದೆ ಒಲೆಯ ಮೇಲೆ ಹಾಲೂ ಇಡುವವಳಲ್ಲ. ಆ ಅಣ್ಣನೇ ಮಹಾರುದ್ರಪ್ಪ ಸಾವಕಾರರು.

ಎಡಗಿಸೆಯ ಗುಟ್ಟು ಅಮೃತಳಿಗೆ ಹೇಳಿದೆ. ವೀರಾವೇಶದಿಂದ, "ನಾ ಅವರಿಗಿ ಎದುರಾ ಎದುರ ಕೇಳ್ತೀನಿ," ಎಂದೂ ಸೇರಿಸಿದೆ.

"ನೀ ಏನೂ ಕೇಳಬ್ಯಾಡಪ್ಪ, ಕೈ ಮುಗೀತೀನಿ. ನೀ ಕೇಳಿದ್ರ ಆಗೋದೂ ಆಗಂಗಿಲ್ಲ," ಎಂದಳು. ಆಮೇಲೆ ಕೇಳಿದಳು: "ಅವರ ಬಲಗಿಸ್ಯಾಗಿಂದು ಇನ್ನೊಂದು ಸಿಗ್ತದೇನು? ಅಂಥಾದ್ದೇ?"

"ಎಷ್ಟು ಬೇಕಾದ್ರೂ ಸಿಗ್ತಾವ."

"ಹಂಗಾದ್ರ ಒಂದು ತರಸು. ಮತ್ತ ನಿಬ್ಬ ಸೀಳ್ಯಾದಂತ ವಾಪಸ್ ಕಳಸಬ್ಯಾಡ."

ಆ ವಾರ ನಾನು ಭಜಿ ತಿನ್ನಲಿಲ್ಲ. ಪೆನ್ನು ಬಂತು. ಅಮೃತ ಅದಕ್ಕೆ ನೀಲಿ ಶಾಯಿ ತುಂಬಿ, ಮಕ್ಕಳ ನೋಟ್‌ಪುಸ್ತಕ ತಿದ್ದಿ ತಿದ್ದಿ ಪಳಗಿಸಿ, ದೇವರ ಜಗಲಿಯಲ್ಲಿ ವಿಭೂತಿ ಬಟ್ಟಲಿನ ಹಿಂದೆ ಇಟ್ಟಳು.

ಭಾನುವಾರ ಬಸವಕಲ್ಯಾಣದ ತ್ರಿಪುರಾಂತ ಓಣಿಯ ನಮ್ಮ ಮನೆಯ ಮುಂದೆ ಅವರ ಗಾಡಿ ನಿಂತಿತು. ಏನೇ ಆದರೂ ಅಡಿಗೆಮನೆ ಬಿಟ್ಟು ಹೊರಗೆ ಬರಬೇಡವೆಂದು ನನಗೆ ಕಟ್ಟಪ್ಪಣೆ ಆಗಿತ್ತು. ಶಿರಾ ಆಯಿತು, ಚುರುಮುರಿಯ ಸುಸಲಾ ಆಯಿತು. ಬಾಗಿಲ ಸಂದಿಯಿಂದ ನೋಡುತ್ತಿದ್ದೆ: ವಿದ್ಯಾವತಿಯವರ ಮುಖ ಅರಳಿತ್ತು, ಶಂಕರಲಿಂಗ ನೆಲ ನೋಡುತ್ತಿದ್ದ, ಸಾವಕಾರರ ಕೈ ಬಲಗಿಸೆಯ ಕಡೆಗೆ ಹೊರಟಿತ್ತು. ಗೆದ್ದೆವು ಎಂದುಕೊಂಡೆ. ಆ ಖುಷಿಯಲ್ಲಿ, ಅವ್ವ ಬೇಡ ಬೇಡ ಎಂದು ಕಣ್ಣು ತಿರುವುತ್ತಿದ್ದರೂ ಚಹಾದ ತಾಟು ಎತ್ತಿಕೊಂಡು ಹೊರಗೆ ಬಂದೆ.

"ಏ ಪಾರ್ಸಲ್! ಇಲ್ಲೇನ್ ತಂದ್ಯೋ?"

"ಚಹಾರಿ, ಸಾವ್ಕಾರ್ರ."

"ಯಾರ ಮನಿಯೋ ಇದು?"

"ನಮ್ದೇರಿ. ಆಕಿ ನಮ್ಮ ತಂಗಿರಿ."

ಸಾವಕಾರರ ಕೈ ಗಾಳಿಯಲ್ಲಿ ನಿಂತಿತು. ನನ್ನನ್ನು ನೋಡಿದರು, ಅಮೃತಳನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಆಮೇಲೆ ಆ ಕೈ ಬಲಗಿಸೆ ಬಿಟ್ಟು ಎಡಗಿಸೆಗೆ ಹೋಯಿತು.

"ತಗೋವ್ವ, ಅಸಲಿ ಪೆನ್ನ. ಎಲ್ಲಾರಿಗೂ ಕೊಡಂಗಿಲ್ಲ ನಾ."

ನಮ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ತಾಟು ಹಿಡಿದು ಕಂಬವಾದೆ.

ಅಮೃತ ಪೆನ್ನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. "ಇಂಥಾ ಪೆನ್ನ ನಮ್ಮ ಕೈಗಿ ಯಾವಾಗ ಬರಬೇಕ್ರಿ ಮಾವಾರ. ಮೊದಲ ದೇವರ ಮುಂದಿಟ್ಟು ಬರ್ತೀನ್ರಿ."

"ಹೋಗಿ ಬಾರವ್ವ," ಎಂದರು ವಿದ್ಯಾವತಿ. "ನೋಡಣ್ಣಾ, ಹುಡುಗಿ ಎಷ್ಟು ನಯ ಅದಾಳ."

ದೇವರ ಹತ್ತಿರ ಹೋಗಬೇಡ ಎಂದು ಮೂರು ಗೆರೆ ವಿಭೂತಿಯ ಮನುಷ್ಯನಿಗೆ ಹೇಳಲು ಬರುತ್ತದೆಯೇ? ಸಾವಕಾರರು ಮೀಸೆ ತಿರುವುತ್ತ ಕೂತರು. ಅಮೃತ ಒಳಗೆ ಹೋಗಿ ಬಂದಳು. ಟೋಪಿಗೆ ವಿಭೂತಿ ಹಚ್ಚಿದ ಕರಿ ಪೆನ್ನು ಕೈಯಲ್ಲಿತ್ತು. ಕೂತು, ಕಾಗದ ತೊಡೆಯ ಮೇಲಿಟ್ಟು, ತನ್ನ ಹೆಸರು, ಓಣಿ, ಊರು ಎಲ್ಲ ಬರೆದಳು. ಕೇಳಿದ್ದಕ್ಕಿಂತ ಒಂದು ಸಾಲು ಹೆಚ್ಚೇ ಬರೆದಳು. ನಿಬ್ಬು ಎಲ್ಲೂ ತಡವರಿಸಲಿಲ್ಲ.

"ಅಯ್ಯ, ಮುತ್ತಿನಂಥ ಅಕ್ಷರ," ಎಂದರು ವಿದ್ಯಾವತಿ. "ಅಣ್ಣಾ, ನಿನ್ನ ಪೆನ್ನ ಭಾಳ ಚಲೋ ಬರ್ಯಾಕತ್ತದ ನೋಡು!"

ಸಾವಕಾರರು ಪೆನ್ನು ಇಸಿದುಕೊಂಡರು. ಅಂಗೈಯಲ್ಲಿ ತೂಗಿ ನೋಡಿದರು. ಟೋಪಿ ತಿರುವಿದರು, ಗರಗರ ಎಂದಿತು. ಅವರಿಗೆ ತಿಳಿಯಿತು. ನನಗೆ ತಿಳಿಯಿತೆಂಬುದೂ ಅವರಿಗೆ ತಿಳಿಯಿತು. ಇದು ನನ್ನದಲ್ಲ ಎಂದು ಬಾಯಿಬಿಟ್ಟರೆ, ಹಾಗಾದರೆ ನಿನ್ನದರಲ್ಲಿ ಬರೆದು ತೋರಿಸು ಎಂದು ತಂಗಿ ಕೇಳುತ್ತಾಳೆ. ಬರೆದರೆ ಇಷ್ಟು ವರ್ಷದ ಇಜ್ಜತ್ ಒಣಗಿದ ಶಾಯಿಯ ಪಾಲಾಗುತ್ತದೆ. ಅವರು ಅದನ್ನು ಎಡಗಿಸೆಗೆ ಸಿಕ್ಕಿಸಿಕೊಂಡರು. ಅಂಗಿ ಹೊಲಿಸಿದ ಮೇಲೆ ಆ ಕಿಸೆಯೊಳಗೆ ಬರೆಯುವ ಪೆನ್ನು ಹೋದದ್ದು ಅದೇ ಮೊದಲು.

ವಿದ್ಯಾವತಿ ಅಮೃತಳ ಬಾಯಿಗೆ ಸಕ್ಕರೆ ಇಟ್ಟರು. ಶಂಕರಲಿಂಗ ಕೊನೆಗೂ ನೆಲ ಬಿಟ್ಟು ಮೇಲೆ ನೋಡಿದ.

ಆದರೆ ಅಸಲಿ ಪೆನ್ನು ನಮ್ಮ ದೇವರ ಜಗಲಿಯಲ್ಲಿ ಉಳಿದಿತ್ತು. ಹುಡುಗಿ ಪೆನ್ನು ಬದಲಿಸಿದಳೆಂದು ಸಾವಕಾರರು ತಂಗಿಯ ಕಿವಿಯಲ್ಲಿ ಒಂದು ಮಾತು ಊದಿದರೆ ಇಟ್ಟ ಸಕ್ಕರೆ ಕಹಿಯಾಗುತ್ತಿತ್ತು. ಅಮೃತ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. "ಕೊಟ್ಟು ಬಾ. ಜಾಸ್ತಿ ಮಾತಾಡಬ್ಯಾಡ," ಎಂದು ಬೆಳಿಗ್ಗೆ ಅದನ್ನು ಕೈಗಿಟ್ಟಳು.

ರಟ್ಟಿನ ಡಬ್ಬಿಯಲ್ಲಿ ಹಾಕಿ, ಟೇಪು ಸುತ್ತಿ, ಕೆಲಸದ ಚೀಲದಲ್ಲೇ ಒಯ್ದು ಗಲ್ಲಾದ ಮೇಲಿಟ್ಟೆ. ಸಾವಕಾರರು ಬಿಲ್ಲು ಬರೆಯುತ್ತಿದ್ದರು. ನಮ್ಮ ಪೆನ್ನಿನಲ್ಲೇ. ಅದರ ಟೋಪಿಯ ಮೇಲೆ ವಿಭೂತಿ ಇನ್ನೂ ಹಾಗೇ ಇತ್ತು. ಟೇಪು ಹರಿದು ಅಸಲಿಯನ್ನು ತೆಗೆದು, ನಿಬ್ಬನ್ನು ಬೆಳಕಿಗೆ ಹಿಡಿದರು.

"ಒಡದಿಲ್ಲಲ್ಲ?"

"ಇಲ್ರಿ," ಎಂದೆ. ನಮ್ಮ ಪೆನ್ನು ವಾಪಸ್ ಕೊಡುವ ಲಕ್ಷಣ ಕಾಣಲಿಲ್ಲ. ನಾನೂ ಕೇಳಲಿಲ್ಲ. ಅಲ್ಲಿಗೆ ಹೊರಟು ಬರಬೇಕಿತ್ತು. ಆದರೆ ತಂಗಿಯ ಮಾತು ಕೇಳುವಷ್ಟು ಬುದ್ಧಿ ಇದ್ದಿದ್ದರೆ ನಾನು ನಾನಾಗಿರುತ್ತಿದ್ದೆನೇ?

"ಸಾವ್ಕಾರ್ರ, ಇದು ಬರ್ಯಂಗಿಲ್ಲಂತ ಗೊತ್ತಿದ್ದೂ ನಮ್ಮ ಅಮೃತಾಗ ಯಾಕ ಕೊಟ್ರಿ? ನಾ ಪಾರ್ಸಲ್ ಹಂಚ್ತೀನಂತನಾ?"

ಅವರು ತಲೆ ಎತ್ತಲಿಲ್ಲ. ಬಿಲ್ಲಿನ ಕೊನೆಯಲ್ಲಿ ಮೊತ್ತ ಬರೆದು, ಟೋಪಿ ಗರಗರ ತಿರುವಿ ಮುಚ್ಚಿದರು.

"ಹಂಚೋದ್ರಾಗ ಏನದನೋ? ನಮ್ಮಪ್ಪ ತಲಿ ಮ್ಯಾಲ ಗಂಟು ಹೊತ್ತು ಅರಬಿ ಮಾರ್ಯಾನ. ನಿಬ್ಬ ಸೀಳ್ಯಾದಂತ ವಾಪಸ್ ಕಳಸ್ದ್ಯಲ್ಲ, ಅಂಥಾ ದಡ್ಡರ ಮನಿ ಹೆಣ್ಣು ನಮ್ಮ ಹುಡುಗಗ ಬ್ಯಾಡ ಅನಸ್ತು, ಅದಕ್ಕ ಕೊಟ್ಟೆ. ಆದ್ರ ಆಕಿ ದಡ್ಡಿ ಅಲ್ಲ, ಕಳ್ಳಿ ಅದಾಳ. ಕಳ್ಳರು ನಮ್ಮ ಮನ್ಯಾಗ ನಡೀತಾರ. ನೀ ಮಾತ್ರ ಲಗ್ನದಾಗ ನನ್ನ ಕಣ್ಣಿಗಿ ಬೀಳಬ್ಯಾಡ."