ಸೋಮವಾರ ಸಾಲಿ ಐತಿ

ನಾನು ಚಿಕ್ಕವನಿದ್ದಾಗ ನಮ್ಮ ಶಾಲೆಯ ಕರಿಹಲಗೆಗೆ ಮಸಿ ಹಚ್ಚುವವರು ನಾವೇ. ಪ್ರತಿ ಶನಿವಾರ ಪಾಠ ಮುಗಿದ ಮೇಲೆ ಇದ್ದಿಲು ಕುಟ್ಟಿ ಪುಡಿ ಮಾಡಿ, ತೊಂಡೆ ಎಲೆಯ ರಸದಲ್ಲಿ ಕಲಸಿ, ಹಳೆ ಬಟ್ಟೆಯಿಂದ ಹಲಗೆಗೆ ಬಳಿಯುತ್ತಿದ್ದೆವು. ಭಾನುವಾರವೆಲ್ಲ ಒಣಗಿ ಸೋಮವಾರಕ್ಕೆ ಅದು ಹೊಸದಾಗಿರುತ್ತಿತ್ತು. ಆ ಹಸಿ ಎಲೆಯ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ.

ಶಾಲೆ ಎಂದರೆ ದೊಡ್ಡದೇನಲ್ಲ. ಸಿಕಂದರಾಬಾದ್ ಸ್ಟೇಷನ್ನಿನ ಹಿಂದೆ ಹೆಂಚಿನ ಮನೆಯೊಂದರ ಎರಡು ಕೋಣೆ, ಅಷ್ಟೇ. ಗುಲ್ಬರ್ಗ, ಬೀದರ ಕಡೆಯಿಂದ ನೌಕರಿಗೆಂದು ಬಂದ ನಮ್ಮ ಅಜ್ಜಂದಿರು, ಮಕ್ಕಳು ಕನ್ನಡ ಓದಲಿ ಎಂದು ತೆರೆದದ್ದು. ರೈಲು ಕೂಗಿದಾಗ ಮಾಸ್ತರರು ಸುಮ್ಮನಾಗುತ್ತಿದ್ದರು. ನಾವು ಮಾತ್ರ ಇನ್ನೂ ಜೋರಾಗಿ ಮಗ್ಗಿ ಹೇಳುತ್ತಿದ್ದೆವು. ರೈಲಿಗೆ ಸೋಲುವ ಮಕ್ಕಳಲ್ಲ ನಾವು.

ಒಂದು ಶನಿವಾರ ಶಿಕ್ಷಣ ಇಲಾಖೆಯ ಮೇಲಿನ ಕಚೇರಿಯ ಸಾಹೇಬರು ಬಂದರು. ಮಕ್ಕಳು ಕಡಿಮೆ, ಶಾಲೆ ಮುಚ್ಚಿ ಎಲ್ಲರನ್ನೂ ಪಕ್ಕದ ತೆಲುಗು ಶಾಲೆಗೆ ಸೇರಿಸುತ್ತೇವೆ ಎಂದು ಅವರ ಕಾಗದದಲ್ಲಿತ್ತು. ತೆಲುಗಿನ ಮೇಲೆ ನಮಗೇನು ಸಿಟ್ಟು? ಬೀದಿಯಲ್ಲಿ ಗೋಲಿ ಆಡುವುದೂ ಜಗಳಾಡುವುದೂ ತೆಲುಗಿನಲ್ಲೇ. ಆದರೆ ನಮ್ಮ ಶಾಲೆಯನ್ನು ಮುಚ್ಚಲು ಇವರು ಯಾರು ಎಂದು ನನಗೆ ಮೈಯೆಲ್ಲ ಉರಿಯಿತು. ಎಲ್ಲ ಮನೆಯವರೂ ಒಪ್ಪಿ ಸಹಿ ಹಾಕಿದರಷ್ಟೇ ಮುಚ್ಚಲು ಬರುತ್ತಿತ್ತು. ಒಬ್ಬೊಬ್ಬರಾಗಿ ಹಾಕಿಯೂ ಬಿಟ್ಟಿದ್ದರು. ಉಳಿದವನು ಅಪ್ಪ ಒಬ್ಬನೇ.

ಅಪ್ಪ ಸರ್ಕಾರಿ ಗುಮಾಸ್ತ. ಸಾಹೇಬರನ್ನು ಎದುರು ಹಾಕಿಕೊಂಡರೆ ನೌಕರಿಗೇ ಕುತ್ತು, ಸಹಿ ಹಾಕಿಬಿಡುತ್ತೇನೆ ಎಂದು ಬೆಳಿಗ್ಗೆ ಅಮ್ಮನಿಗೆ ಹೇಳಿದ್ದ. ಅದನ್ನು ಕೇಳಿಸಿಕೊಂಡ ಅಕ್ಕ ರೊಟ್ಟಿಯನ್ನು ಮುಟ್ಟಲೇ ಇಲ್ಲ. ನಾಲ್ಕನೇ ತರಗತಿಯ ಹುಡುಗಿ, ಆದರೆ ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು.

ಅಪ್ಪ ಶಾಲೆಗೆ ಬಂದಾಗ ನಾನು ಇದ್ದಿಲು ಕುಟ್ಟುತ್ತಿದ್ದೆ. ಅಕ್ಕ ಸ್ಟೂಲಿನ ಮೇಲೆ ನಿಂತು ಹಲಗೆಗೆ ಬಳಿಯುತ್ತಿದ್ದಳು. ಇನ್ನೇಕೆ ಇದೆಲ್ಲ ಎಂದು ಮಾಸ್ತರರು ತಡೆದರೂ ನಾವಿಬ್ಬರೂ ಕೇಳಿರಲಿಲ್ಲ. ಶನಿವಾರ ಅಂದರೆ ಶನಿವಾರ. ಸಾಹೇಬರು ಅಪ್ಪನ ಮುಂದೆ ಪೆನ್ನು ಹಿಡಿದರು. ಆಗ ಅಕ್ಕ ತಿರುಗಿಯೂ ನೋಡದೆ ಹೇಳಿದಳು:

“ಅಪ್ಪಾ, ಮ್ಯಾಲೆ ನನ್ನ ಕೈ ನಿಲುಕವಲ್ದು. ನೀ ಹಚ್ಚು.”

ಅಪ್ಪ ಸ್ವಲ್ಪ ಹೊತ್ತು ಪೆನ್ನನ್ನೇ ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ, ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು, ಹಲಗೆಯ ಮೇಲಂಚಿನವರೆಗೂ ನಿಧಾನವಾಗಿ ಮಸಿ ಹಚ್ಚಿದ. ಕಪ್ಪು ರಸ ಮೊಣಕೈತನಕ ಇಳಿಯಿತು. ಕೈ ತೊಳೆದುಕೊಂಡು ಬಂದು ಸಹಿ ಹಾಕಿ ಎಂದು ಸಾಹೇಬರು ತೆಲುಗಿನಲ್ಲಿ ಹೇಳಿದರು. ಮನೆಯ ಹೊಸ್ತಿಲು ದಾಟಿದರೆ ತೆಲುಗು, ಹಿಂದಿ ಬಿಟ್ಟು ಮಾತಾಡದ ಅಪ್ಪ ಅವತ್ತು ಕನ್ನಡದಲ್ಲೇ ಉತ್ತರ ಕೊಟ್ಟ.

“ತೊಳಕೊಂಡ್ರೂ ಸಹಿ ಆಗೂದಿಲ್ರಿ. ಸೋಮವಾರ ಸಾಲಿ ಐತಿ.”

ಸಾಹೇಬರಿಗೆ ಮಾತು ತಿಳಿಯಿತೋ ಇಲ್ಲವೋ, ಅಪ್ಪನ ಮುಖವಂತೂ ತಿಳಿಯಿತು. ಕಾಗದ ಮಡಚಿಕೊಂಡು ಹೊರಟರು. ಅಪ್ಪನ ಬಡ್ತಿ ಆಮೇಲೆ ಬಹಳ ವರ್ಷ ನಿಂತುಹೋಯಿತು. ಅದಕ್ಕೆ ಅವನೆಂದೂ ಮರುಗಲಿಲ್ಲ. ನಾನು ನಾಲ್ಕನೇ ತರಗತಿ ಪಾಸಾದದ್ದು ಅದೇ ಶಾಲೆಯಲ್ಲಿ, ಅದೇ ಹಲಗೆಯ ಮುಂದೆ.

ಮಕ್ಕಳೇ, ನಿಮ್ಮ ತರಗತಿಯ ಗೋಡೆಯಲ್ಲಿ ಟಿವಿಯಂಥ ಹೊಳೆಯುವ ಬೋರ್ಡಿದೆ. ಬೆರಳು ತಾಗಿಸಿದರೆ ಚಿತ್ರ ಬರುತ್ತದೆ. ಚೆಂದವೇ. ಕನ್ನಡದ ತಾಸು ಮಾತ್ರ ಇಲ್ಲವಂತೆ. ಈ ವಯಸ್ಸಿನಲ್ಲಿ ಯಾರ ಜೊತೆ ಜಗಳಕ್ಕೆ ಹೋಗುತ್ತೀರಿ ಎಂದು ನಿಮ್ಮಜ್ಜಿ ಕೇಳುತ್ತಾಳೆ. ನಾನು ಜಗಳಕ್ಕೇನೂ ಹೋಗುವುದಿಲ್ಲ. ಬಾಲ್ಕನಿಯಲ್ಲಿ ಒಂದು ದೊಡ್ಡ ಹಲಗೆ ತಂದು ನಿಲ್ಲಿಸಿದ್ದೇನೆ. ಇದ್ದಿಲೂ ತೊಂಡೆ ಎಲೆಯೂ ಸಿದ್ಧವಾಗಿವೆ. ಶನಿವಾರ ಬನ್ನಿ. ಬರುವಾಗ ನಿಮ್ಮಪ್ಪನನ್ನೂ ಎಳೆದುಕೊಂಡು ಬನ್ನಿ. ಮೇಲಿನತನಕ ಈಗ ನನ್ನ ಕೈಯೂ ನಿಲುಕುವುದಿಲ್ಲ.