ಮಂತ್ರಾಲಯದ ಮುಂಡಪ್ಪ

ನವಿ ಮುಂಬಯಿಯ ಹೋಟೆಲಿನವರು ಅವನನ್ನು ಕರೆಯುತ್ತಿದ್ದದ್ದೇ ಹಾಗೆ, ಮಂತ್ರಾಲಯದ ಮುಂಡಪ್ಪ ಎಂದು. ರಾಯರ ಮಂತ್ರಾಲಯವಲ್ಲ, ಮುಂಬಯಿಯಲ್ಲಿ ರಾಜ್ಯ ಸರಕಾರ ಕೂರುವ ಮಂತ್ರಾಲಯ.

ಕಾರ್ಕಳದ ಕಡೆಯಿಂದ ಬಂದು, ಕ್ಯಾಂಟೀನಿನಲ್ಲಿ ಲೋಟ ತೊಳೆದು, ರಾತ್ರಿಶಾಲೆ ಓದಿ ಹೋಟೆಲ್ ಮಾಲಕರ ಸಂಘದ ಕಾರ್ಯದರ್ಶಿಯಾದವನು ಅವನು. ಹೊಸ ತೆರಿಗೆ ಬರಲಿ, ಲೈಸೆನ್ಸಿನ ನಿಯಮ ಬದಲಾಗಲಿ, ಮಾಲಕರು ಗಲ್ಲಾಪೆಟ್ಟಿಗೆ ಬಿಟ್ಟು ಏಳುತ್ತಿರಲಿಲ್ಲ. ಮುಂಡಪ್ಪ ತಾನಿದ್ದ ಘಣಸೋಲಿಯಿಂದ ಮಂತ್ರಾಲಯಕ್ಕೆ ರೈಲು ಹತ್ತುತ್ತಿದ್ದ. ಮಂತ್ರಿಗಳ ಪಿಎ ಲಿಮಯೆ ಸಾಹೇಬರು ದೂರದಿಂದಲೇ ಅವನನ್ನು ಕಂಡು ಒಳಗೆ ಕರೆಯುತ್ತಿದ್ದರು. ಮದುವೆಯ ಗೊಡವೆಗೆ ಅವನು ಹೋಗಲಿಲ್ಲ. ಮಾಲಕರ ಮನೆಗಳ ಮದುವೆ, ಸೀಮಂತ, ಗೃಹಪ್ರವೇಶಗಳೇ ಅವನ ಸಂಸಾರವಾಗಿದ್ದವು.

೨೦೧೪ರಲ್ಲಿ ಸರಕಾರ ಬದಲಾಯಿತು. ಹೋಟೆಲುಗಳ ಮುಂದೆ ಮಳೆಗಾಲಕ್ಕೆ ಶೆಡ್ಡು ಹಾಕಲು ಸಂಘ ಅನುಮತಿ ಕೇಳಿದ್ದ ಅರ್ಜಿಗೆ ಆಗ ಸಹಿಯೊಂದೇ ಬಾಕಿ. ಮುಂಡಪ್ಪ ಹೋಗಿ ನೋಡಿದರೆ ಬಾಗಿಲ ಮೇಲೆ ಬೇರೆ ಹೆಸರು, ಒಳಗೆ ಬೇರೆ ಮುಖ.

"ಆಪಣ್ ಕೋಣ್?" ಹೊಸ ಪಿಎ ಕೇಳಿದ.

ತಾನು ಯಾರೆಂದು ಆ ಕಟ್ಟಡದಲ್ಲಿ ಹೇಳಿಕೊಳ್ಳುವ ಪ್ರಸಂಗ ಅವನಿಗೆ ಬಂದೇ ಇರಲಿಲ್ಲ. ಹೋಟೆಲ್ ಸಂಘದ ಕಾರ್ಯದರ್ಶಿ ಎಂದ. ಅರ್ಜಿಯನ್ನು ಮತ್ತೆ ಕೆಳಗಿನ ಕಿಟಕಿಯಲ್ಲಿ ಕೊಟ್ಟು ಹೋಗುವಂತೆ ಪಿಎ ಹೇಳಿದ.

ಲಿಮಯೆಯವರಿಗೆ ಯಾವ ಹುದ್ದೆಯನ್ನೂ ಕೊಡದೆ ಮನೆಯಲ್ಲಿ ಕೂರಿಸಿದ್ದಾರೆಂದು ತಿಳಿಯಿತು. ಒಂದು ರವಿವಾರ ಅವನು ಕಲ್ಯಾಣ ಪೇಟೆಯಲ್ಲಿದ್ದ ಅವರ ಮನೆಗೆ ಹೋದ. ಬನಿಯನ್ನಿನಲ್ಲಿದ್ದ ಸಾಹೇಬರೇ ಬಾಗಿಲು ತೆರೆದರು.

"ಬೋಲ್ ಮುಂಡಪ್ಪಾ, ಕಾಯ್ ಕಾಮ್?"

"ಕೆಲಸ ಏನೂ ಇಲ್ಲ ಸಾಹೇಬ್. ಸುಮ್ಮನೆ ನೋಡಿ ಹೋಗುವ ಅಂತ ಬಂದೆ."

ಅವರು ನಂಬಲಿಲ್ಲ. ಚಹಾ ಮುಗಿಯುವವರೆಗೂ ಅವನ ಬೇಡಿಕೆಗಾಗಿ ಕಾದರು. ಅದು ಬರಲೇ ಇಲ್ಲ. "ಕುರ್ಚಿ ಹೋದ ಮೇಲೆ ಬಂದವನು ನೀನೊಬ್ಬನೇ" ಎಂದರು. ಟವೆಲಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದವರು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಸುದ್ದಿ ಹೇಗೋ ಸಂಘದ ಅಧ್ಯಕ್ಷ ಜಯಶೀಲನ ಕಿವಿಗೆ ಬಿತ್ತು.

"ಮುಂಡಪ್ಪಣ್ಣ, ಅವರ ಮನೆಗೆಲ್ಲ ಹೋಗ್ಬೇಡಿ ಮಾರಾಯ್ರೆ. ನಾವು ಹಳೇ ಸರಕಾರದ ಜನ ಅಂತ ಹೊಸಬರು ತಿಳ್ಕೊಳ್ತಾರೆ."

"ನಾನು ಯಾವ ಸರಕಾರದವನು ಜಯಶೀಲ? ಹೋಟೆಲಿನವನು."

"ನಂಗೆ ಗೊತ್ತುಂಟು. ಅವರಿಗೆ ಗೊತ್ತಿಲ್ವಲ್ಲ."

ಮಂತ್ರಾಲಯದ ಓಡಾಟ ಜಯಶೀಲನ ಮಗ ರಿತೇಶನ ಪಾಲಾಯಿತು. ಎಂಬಿಎ ಓದಿದ ಹುಡುಗ; ಲ್ಯಾಪ್‌ಟಾಪ್ ಹಿಡಿದು ಹೋಗಿ ಹೊಸಬರ ಪರಿಚಯ ಮಾಡಿಕೊಂಡ. ಶೆಡ್ಡಿನ ಅನುಮತಿ ಮುಂದಿನ ಮಳೆಗಾಲಕ್ಕೆ ಸಿಕ್ಕಿತು. ಮುಂಡಪ್ಪ ಆಫೀಸಿನಲ್ಲಿ ಸಭೆಯ ನೋಟೀಸು ಟೈಪು ಮಾಡುತ್ತ ಉಳಿದ. ಮದುವೆಯ ಕಾಗದಗಳು ಕಡಿಮೆಯಾದವು. ಕರೆದವರೂ ಅವನ ಮಾತು ಕೇಳುವಾಗ ಅತ್ತಿತ್ತ ನೋಡುತ್ತಿದ್ದರು.

ಕೆಲವು ವರ್ಷ ಕಳೆದವು. ಲಿಮಯೆಯವರು ಇನ್ನೊಬ್ಬ ಮಂತ್ರಿಯ ಬಳಿಗೆ, ಮೊದಲಿಗಿಂತ ದೊಡ್ಡ ಹುದ್ದೆಗೆ ಬಂದರು. ಜಯಶೀಲ ಓಡೋಡಿ ಬಂದ. "ಅವರು ನಿಮ್ಮ ದೋಸ್ತಿ ಅಲ್ವಾ ಅಣ್ಣ, ನೀವೇ ಹೋಗ್ಬೇಕು." ಸಂಘದ ಹೊಸ ಅರ್ಜಿಯೊಂದನ್ನು ಕೈಗಿತ್ತ. ಮುಂಡಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ.

ಕೋಣೆಯ ತುಂಬ ಜನ. ಲಿಮಯೆ ತಲೆ ಎತ್ತಿದರು. ಅವನ ಗುರುತು ಹತ್ತಿತು. ಹತ್ತಿದ ಕೂಡಲೇ ಮುಖ ಬಿಗಿಯಿತು. ಅಳುವಾಗ ತಮ್ಮನ್ನು ಕಂಡವನು ಈ ಜನರ ನಡುವೆ ಬಂದು ನಿಂತದ್ದನ್ನು ಅವರಿಗೆ ಸಹಿಸಲಾಗಲಿಲ್ಲ.

"ಕಾಗದ ಇಟ್ಟು ಹೋಗಿ. ನೋಡ್ತೇವೆ." ಮುಂಚೆ 'ನೀನು' ಎನ್ನುತ್ತಿದ್ದವರು ಬಹುವಚನದಲ್ಲಿ ದೂರ ಇಟ್ಟರು.

ಕೆಲಸ ಮಾತ್ರ ಬೇಗನೆ ಆಯಿತು. ಅವನು ಮತ್ತೆ ಬಾರದಿರಲೆಂದೇ ಮಾಡಿಕೊಟ್ಟರೇನೋ. ಮಾಲಕರು ಶಾಲು ಹೊದಿಸಿದರು. "ಲಿಮಯೆ ಹೇಗಿದ್ದಾರೆ?" ಎಂದ ಜಯಶೀಲ.

"ಚೆನ್ನಾಗಿದ್ದಾರೆ. ಇನ್ನು ರಿತೇಶನೇ ಹೋಗಲಿ" ಎಂದಷ್ಟೇ ಹೇಳಿ ಮುಂಡಪ್ಪ ಕೆಲಸ ಬಿಟ್ಟ.

ಈಗ ಸಂಜೆ ಹೊತ್ತು ಘಣಸೋಲಿಯಲ್ಲಿ ಕಟ್ಟುತ್ತಿರುವ ಒಂದು ಕಟ್ಟಡದ ಎದುರಿನ ಕಲ್ಲಿನ ಮೇಲೆ ಕೂರುತ್ತಾನೆ. ಅಲ್ಲಿ ದುಡಿಯುವ ವಿಜಯಪುರದ ಮಂದಿ ಕನ್ನಡದಲ್ಲಿ ಹರಟುವುದು ಕೇಳಿಸುತ್ತದೆ. ಒಮ್ಮೆ ಸಿದ್ರಾಮ ಎಂಬ ಗಾರೆ ಕೆಲಸದವನು "ಚಾ ಕುಡೀತೀರೇನ್ರಿ?" ಎಂದು ಕೂಗಿದ. ಮುಂಡಪ್ಪ ತಕ್ಷಣ ಏಳಲಿಲ್ಲ. ಬೇರೆ ಯಾರನ್ನೋ ಕರೆದಿರಬೇಕೆಂದು ಹಿಂದೆ ತಿರುಗಿ ನೋಡಿದ.